ವಿಜಯಪುರ ಜಿಲ್ಲೆಯ ಕೌಟುಂಬಿಕ ಉಳಿತಾಯ

ಕೌಟುಂಬಿಕ ಉಳಿತಾಯ ದರ ಎಂದರೆ ಕುಟುಂಬಗಳ ವೆಚ್ಚಾರ್ಹ ಆದಾಯದಲ್ಲಿ, ಅಂದರೆ ತೆರಿಗೆ ಕಳೆದು ಕೈಗೆ ಬರುವ ಆದಾಯದಲ್ಲಿ, ಅನುಭೋಗಕ್ಕೆ ಖರ್ಚಾಗದೆ ಉಳಿಯುವ ಭಾಗದ ಶೇಕಡಾವಾರು ಪ್ರಮಾಣ. ಆದಾಯದ ಮಟ್ಟ ಮತ್ತು ಅದರ ಏರಿಳಿತ, ಬಡ್ಡಿ ದರ, ಹಣದುಬ್ಬರ, ಸಾಲದ ಹೊರೆ, ಬ್ಯಾಂಕುಗಳ ಲಭ್ಯತೆ, ಜನಸಂಖ್ಯೆಯ ವಯೋರಚನೆ ಹಾಗೂ ಸಾಮಾಜಿಕ ಭದ್ರತೆಯ ಯೋಜನೆಗಳು ಈ ದರದ ಮೇಲೆ ಪ್ರಭಾವ ಬೀರುವ ಮುಖ್ಯ ಆರ್ಥಿಕ ಅಂಶಗಳು. ಕರ್ನಾಟಕದ ಉತ್ತರದ ಅಂಚಿನಲ್ಲಿರುವ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಪ್ರದೇಶಗಳಲ್ಲಿ ಈ ಅಂಶಗಳ ಪರಿಣಾಮವನ್ನು ಬಹುಮಟ್ಟಿಗೆ ಮಳೆಯೇ ನಿರ್ಧರಿಸುತ್ತದೆ. ಇಲ್ಲಿನ ಉಳಿತಾಯ ಜೋಳ, ದನಕರು, ಬಂಗಾರ, ಹೊಲ, ಕೊಳವೆಬಾವಿಗಳ ರೂಪವನ್ನು ತಾಳುವುದೇ ಹೆಚ್ಚು. ಆದ್ದರಿಂದ ಬ್ಯಾಂಕ್ ಠೇವಣಿಯ ಅಂಕಿಗಳನ್ನಷ್ಟೇ ನೋಡಿ ಈ ಭಾಗದ ಜನ ಉಳಿಸುವುದಿಲ್ಲ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಆದರೆ ಇಂಥ ಉಳಿತಾಯದಲ್ಲಿ ಕೆಲವು ಬಗೆಯವು ಬರಗಾಲದಲ್ಲಿ, ಅತ್ಯಂತ ಅಗತ್ಯವಾದ ಹೊತ್ತಿನಲ್ಲೇ, ಬೆಲೆ ಕಳೆದುಕೊಳ್ಳುತ್ತವೆ ಎಂಬುದೂ ಅಷ್ಟೇ ನಿಜ.

ಅಳತೆಯ ವಿಧಾನ

ಭಾರತದಲ್ಲಿ ಕೌಟುಂಬಿಕ ಉಳಿತಾಯವನ್ನು ರಾಷ್ಟ್ರೀಯ ಲೆಕ್ಕಪತ್ರಗಳ ಅಂಗವಾಗಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಅಂದಾಜು ಮಾಡುತ್ತದೆ. ಹಣಕಾಸು ಉಳಿತಾಯದ ಅಂಕಿಗಳನ್ನು ಭಾರತೀಯ ರಿಸರ್ವ್ ಬ್ಯಾಂಕ್ ಒದಗಿಸುತ್ತದೆ. ಈ ಲೆಕ್ಕದಲ್ಲಿ ಮೂರು ಭಾಗಗಳಿವೆ. ಮೊದಲನೆಯದು ನಿವ್ವಳ ಹಣಕಾಸು ಉಳಿತಾಯ: ಠೇವಣಿ, ವಿಮೆ, ಭವಿಷ್ಯನಿಧಿ, ಷೇರು, ಕೈಯಲ್ಲಿರುವ ನಗದು ಇವುಗಳ ಹೆಚ್ಚಳದಿಂದ ಹೊಸ ಸಾಲಗಳನ್ನು ಕಳೆದು ಬರುವ ಮೊತ್ತ. ಎರಡನೆಯದು ಮನೆ, ಬಾವಿ, ಯಂತ್ರೋಪಕರಣ, ದಾಸ್ತಾನು ಮುಂತಾದ ಭೌತಿಕ ಆಸ್ತಿಗಳಲ್ಲಿನ ಉಳಿತಾಯ. ಮೂರನೆಯದು ಚಿನ್ನ ಮತ್ತು ಬೆಳ್ಳಿಯ ಆಭರಣಗಳು. ಒಟ್ಟು ಕೌಟುಂಬಿಕ ಉಳಿತಾಯವು 2011-12ರಲ್ಲಿ ಒಟ್ಟು ದೇಶೀಯ ಉತ್ಪನ್ನದ ಶೇ. 23ಕ್ಕಿಂತ ಹೆಚ್ಚಿದ್ದು, 2022-23ರ ವೇಳೆಗೆ ಸುಮಾರು ಶೇ. 18ಕ್ಕೆ ಇಳಿಯಿತು. ನಿವ್ವಳ ಹಣಕಾಸು ಉಳಿತಾಯದ ಇಳಿಕೆ ಇನ್ನೂ ತೀವ್ರವಾಗಿತ್ತು. ಕೋವಿಡ್ ಕಾಲದ 2020-21ರಲ್ಲಿ ಸುಮಾರು ಶೇ. 11.5ರಷ್ಟಿದ್ದ ಅದು, ರಿಸರ್ವ್ ಬ್ಯಾಂಕಿನ ಮೊದಲ ಅಂದಾಜಿನಂತೆ 2022-23ರಲ್ಲಿ ಶೇ. 5.1ಕ್ಕೆ ಕುಸಿಯಿತು. ಈ ಇಳಿಕೆಯಲ್ಲಿ ಜನ ಪಡೆದ ಸಾಲಗಳ ಹೆಚ್ಚಳದ ಪಾಲು ದೊಡ್ಡದು.

ಈ ವಿಧಾನದಲ್ಲಿ ಗ್ರಾಮೀಣ ಓದುಗರಿಗೆ ವಿಚಿತ್ರವೆನಿಸುವ ಎರಡು ಸಂಗತಿಗಳಿವೆ. ಒಂದು ಕುಟುಂಬ ಇನ್ನೊಂದು ಕುಟುಂಬದಿಂದ ಹೊಲ ಕೊಂಡರೆ ದೇಶದ ಲೆಕ್ಕದಲ್ಲಿ ಅದು ಹೊಸ ಉಳಿತಾಯವಲ್ಲ. ಕೊಂಡವರ ಕೈಗೆ ಭೂಮಿ, ಮಾರಿದವರ ಕೈಗೆ ಹಣ ಬರುತ್ತದೆಯೇ ಹೊರತು ಒಟ್ಟು ಸಂಪತ್ತು ಬೆಳೆಯುವುದಿಲ್ಲ. ಹಾಗೆಯೇ ಮಕ್ಕಳ ಶಾಲಾ ಶುಲ್ಕವು ಅನುಭೋಗದ ವೆಚ್ಚವೆಂದೇ ಪರಿಗಣಿತವಾಗುತ್ತದೆ. ಇಂಡಿಯ ರೈತನೊಬ್ಬ ಮಗನನ್ನು ವಿಜಯಪುರದ ಅಥವಾ ಧಾರವಾಡದ ಕಾಲೇಜಿಗೆ ಸೇರಿಸಲು ಕಟ್ಟುವ ಹಣವನ್ನು ಅವನ ಮನೆಯವರು ಮುಂದಿನ ದಿನಗಳಿಗಾಗಿ ಕೂಡಿಟ್ಟದ್ದೆಂದು ಭಾವಿಸಿದರೂ ಲೆಕ್ಕಪತ್ರದಲ್ಲಿ ಅದು ಖರ್ಚಾಗಿ ಹೋದ ಹಣವೇ ಆಗಿರುತ್ತದೆ.

ಪ್ರದೇಶದ ಹಿನ್ನೆಲೆ

ಹಿಂದಿನ ಬಿಜಾಪುರ ಜಿಲ್ಲೆಯಿಂದ 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರ್ಪಟ್ಟ ನಂತರ ವಿಜಯಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಎಂಬ ಐದು ತಾಲ್ಲೂಕುಗಳು ಈ ಜಿಲ್ಲೆಯಲ್ಲಿ ಉಳಿದವು. ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ವಿಜಯಪುರ ಎಂದು ಬದಲಾಯಿತು. ಮುಂದೆ ಈ ತಾಲ್ಲೂಕುಗಳನ್ನು ವಿಭಜಿಸಿ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮುಂತಾದ ಹೊಸ ತಾಲ್ಲೂಕುಗಳನ್ನು ರಚಿಸಲಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 21,77,331. ಸಾಕ್ಷರತೆ ಸುಮಾರು ಶೇ. 67. ಜನಸಂಖ್ಯೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಹಳ್ಳಿಗಳಲ್ಲಿದ್ದರು.

ವಾರ್ಷಿಕ ಮಳೆ 600 ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಅದು ಬೀಳುವ ಕಾಲವೂ ನಿಶ್ಚಿತವಲ್ಲ. ಇಂಡಿ ಮತ್ತು ಸಿಂದಗಿ ಪ್ರದೇಶಗಳ ಉತ್ತರಕ್ಕೆ ಭೀಮಾ ನದಿ, ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳದ ದಕ್ಷಿಣಕ್ಕೆ ಕೃಷ್ಣಾ ನದಿ ಹರಿಯುತ್ತವೆ. ನಡುವಿನ ಡೋಣಿ ನದಿಯ ಕಪ್ಪು ಎರೆಭೂಮಿ ಹಿಂಗಾರಿ ಜೋಳಕ್ಕೆ ಹೆಸರಾಗಿದೆ. ಡೋಣಿ ಸಾಲು ಬೆಳೆದರೆ ಓಣಿಯೆಲ್ಲ ಜೋಳ ಎಂಬರ್ಥದ ಮಾತು ಈ ಭಾಗದಲ್ಲಿ ರೂಢಿಯಲ್ಲಿದೆ. ಬೆಳೆದ ವರ್ಷದ ಸಮೃದ್ಧಿಯನ್ನು ಹೇಳುವ ಈ ಮಾತಿನಲ್ಲಿ ಬೆಳೆಯದ ವರ್ಷಗಳೂ ಉಂಟೆಂಬ ಸೂಚನೆಯಿದೆ. 1876-78ರ ಮಹಾಕ್ಷಾಮ ಮತ್ತು 1972ರ ಬರ ಇತಿಹಾಸದಲ್ಲಿ ದಾಖಲಾದ ದೊಡ್ಡ ಆಪತ್ತುಗಳು. ಈಚೆಗೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು.

ಆದಾಯ ಮತ್ತು ಅದರ ಏರಿಳಿತ

ಆದಾಯ ಹೆಚ್ಚಿದಂತೆ ಅನುಭೋಗವೂ ಹೆಚ್ಚುತ್ತದೆ, ಆದರೆ ಆದಾಯ ಹೆಚ್ಚಿದಷ್ಟೇ ಅಲ್ಲ ಎಂಬುದು ಜಾನ್ ಮೇನಾರ್ಡ್ ಕೇನ್ಸ್ 1936ರಲ್ಲಿ ಮಂಡಿಸಿದ ವಾದ. ಬಡ ಕುಟುಂಬಗಳ ಉಳಿತಾಯ ದರ ಕಡಿಮೆಯಿರುವುದನ್ನು ಇದು ವಿವರಿಸುತ್ತದೆ. ಮಿಲ್ಟನ್ ಫ್ರೀಡ್‌ಮನ್ 1957ರಲ್ಲಿ ಆದಾಯವನ್ನು ಶಾಶ್ವತ ಮತ್ತು ತಾತ್ಕಾಲಿಕ ಎಂದು ಎರಡಾಗಿ ವಿಂಗಡಿಸಿದರು. ಅವರ ಪ್ರಕಾರ ಕುಟುಂಬಗಳು ಬಹುಕಾಲ ಬರುವುದೆಂದು ನಂಬಿದ ಆದಾಯಕ್ಕೆ ತಕ್ಕಂತೆ ಖರ್ಚು ಮಾಡುತ್ತವೆ. ಒಮ್ಮೆ ಬಂದು ಹೋಗುವ ಆದಾಯವನ್ನು ಬಹುಪಾಲು ಉಳಿಸುತ್ತವೆ. ಒಣಬೇಸಾಯದ ಪ್ರದೇಶಕ್ಕೆ ಈ ಎರಡನೆಯ ವಿವರಣೆ ಹೆಚ್ಚು ಒಪ್ಪುತ್ತದೆ. ಕ್ರಿಸ್ಟಿನಾ ಪ್ಯಾಕ್ಸನ್ 1992ರಲ್ಲಿ ಥಾಯ್ಲೆಂಡಿನ ರೈತ ಕುಟುಂಬಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಮಳೆಯಿಂದ ಬಂದ ಹೆಚ್ಚುವರಿ ಆದಾಯದ ಬಹುಭಾಗ ಉಳಿತಾಯಕ್ಕೆ ಹೋಗುವುದು ಕಂಡುಬಂದಿತ್ತು.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಒಂದು ಕುಟುಂಬಕ್ಕೆ ಒಳ್ಳೆಯ ವರ್ಷ 3 ಲಕ್ಷ ರೂಪಾಯಿ, ಬರದ ವರ್ಷ 1 ಲಕ್ಷ ರೂಪಾಯಿ ಆದಾಯವಿದ್ದು, ಮನೆಯ ಖರ್ಚು ಎರಡೂ ವರ್ಷ 1.8 ಲಕ್ಷ ರೂಪಾಯಿ ಇದೆಯೆಂದು ಇಟ್ಟುಕೊಳ್ಳೋಣ. ಮೊದಲ ವರ್ಷ ಅದರ ಉಳಿತಾಯ ದರ ಶೇ. 40. ಎರಡನೆಯ ವರ್ಷ 80,000 ರೂಪಾಯಿ ಕೊರತೆ ಬೀಳುವುದರಿಂದ ದರ ಋಣಾತ್ಮಕವಾಗಿ ಶೇ. 80 ಆಗುತ್ತದೆ. ಎರಡು ವರ್ಷಗಳನ್ನು ಸೇರಿಸಿದರೆ 4 ಲಕ್ಷ ಆದಾಯದಲ್ಲಿ 40,000 ರೂಪಾಯಿ, ಅಂದರೆ ಶೇ. 10 ಮಾತ್ರ ಉಳಿತಾಯ. ಒಂದೇ ವರ್ಷದ ಸಮೀಕ್ಷೆಯಿಂದ ಇಂಥ ಕುಟುಂಬವನ್ನು ಜಿಪುಣವೆಂದಾಗಲಿ ದುಂದುಗಾರವೆಂದಾಗಲಿ ಕರೆಯಲು ಸಾಧ್ಯವಿದೆ. ಎರಡು ಮಾತೂ ಸುಳ್ಳಾಗುತ್ತವೆ.

ಬರದ ವರ್ಷದ ಆ 80,000 ರೂಪಾಯಿ ಎಲ್ಲಿಂದ ಬರಬೇಕು ಎಂಬುದೇ ಇಲ್ಲಿನ ಉಳಿತಾಯದ ಮೂಲ ಪ್ರಶ್ನೆ. ಹಿಂದಿನ ಕಾಲದಲ್ಲಿ ಇದಕ್ಕೆ ಮುಖ್ಯ ಉತ್ತರ ಹಗೇವು, ಅಂದರೆ ನೆಲದಡಿಯಲ್ಲಿ ತೋಡಿದ ಧಾನ್ಯದ ಉಗ್ರಾಣ. ಸುಗ್ಗಿಯ ಜೋಳವನ್ನು ಅದರಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆರೆದ ಕೂಡಲೆ ಒಳಗಿಳಿದರೆ ಉಸಿರುಗಟ್ಟುವ ಅಪಾಯವಿದ್ದುದರಿಂದ ಮೊದಲು ಗಾಳಿಯಾಡಲು ಬಿಡಬೇಕಾಗಿತ್ತು. ಹಗೇವಿನ ಜೋಳ ಬೆಲೆಯೇರಿಕೆಯ ಭಯವಿಲ್ಲದ ಉಳಿತಾಯ: ಬರದಲ್ಲಿ ಧಾನ್ಯದ ಬೆಲೆ ಏರಿದಂತೆ ಅದರ ಮೌಲ್ಯವೂ ಏರುತ್ತದೆ. ಮಾರಾಟದ ಬೆಳೆಗಳು, ಗೋದಾಮುಗಳು ಮತ್ತು ಪಡಿತರ ವ್ಯವಸ್ಥೆ ಬಂದ ಮೇಲೆ ಇವುಗಳ ಬಳಕೆ ಬಹಳ ಕಡಿಮೆಯಾಯಿತು.

ದನಕರುಗಳ ಸ್ವಭಾವ ಇದಕ್ಕೆ ತದ್ವಿರುದ್ಧ. ವಿಜಯಪುರ ಮತ್ತು ನೆರೆಯ ಸೊಲ್ಲಾಪುರ ಭಾಗದ ಖಿಲಾರಿ ಎತ್ತುಗಳು ದುಡಿಮೆಗೂ ಕೂಡಿಟ್ಟ ಹಣಕ್ಕೂ ಸಮ. ಒಳ್ಳೆಯ ವರ್ಷದಲ್ಲಿ ಎತ್ತು ಕೊಂಡು ಕೆಟ್ಟ ವರ್ಷದಲ್ಲಿ ಮಾರುವ ಈ ರೂಢಿಯನ್ನು ಮಾರ್ಕ್ ರೋಸೆನ್‌ಜ್ವೈಗ್ ಮತ್ತು ಕೆನೆತ್ ವೋಲ್ಪಿನ್ 1993ರಲ್ಲಿ ವಿಶ್ಲೇಷಿಸಿದರು. ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆ 1975ರಿಂದ ಹಳ್ಳಿಗಳಲ್ಲಿ ಸಂಗ್ರಹಿಸಿದ ಮಾಹಿತಿಯನ್ನು ಅವರು ಬಳಸಿದರು. ಆ ಹಳ್ಳಿಗಳಲ್ಲೊಂದು ಇಂಡಿಗೆ ಹೊಂದಿಕೊಂಡ ಸೊಲ್ಲಾಪುರ ಜಿಲ್ಲೆಯ ಶಿರಾಪುರ. ಮುಂದೆ ಇಕ್ರಿಸ್ಯಾಟ್ ತನ್ನ ಗ್ರಾಮ ಅಧ್ಯಯನವನ್ನು ವಿಜಯಪುರ ಜಿಲ್ಲೆಯ ಕಪನಿಂಬರಗಿ ಮತ್ತು ಮಾರ್ಕಬ್ಬಿನಹಳ್ಳಿಗಳಿಗೂ ವಿಸ್ತರಿಸಿತು. ಎತ್ತು ಉತ್ಪಾದನೆಯ ಸಾಧನವೂ ಆಗಿರುವುದರಿಂದ ಅದನ್ನು ಮಾರಿದ ಕುಟುಂಬ ಮುಂದಿನ ಬಿತ್ತನೆಯ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ ಎಂಬುದು ಅವರ ಮುಖ್ಯ ನಿರ್ಣಯ. ಇದರ ಜೊತೆಗೆ ಮೇವಿಲ್ಲದೆ ಊರಿಗೆ ಊರೇ ದನಗಳನ್ನು ಸಂತೆಗೆ ಹೊಡೆದಾಗ ಬೆಲೆ ಕುಸಿಯುತ್ತದೆ. ಬುರ್ಕಿನಾ ಫಾಸೊ ದೇಶದ ರೈತರ ಬಗ್ಗೆ 1998ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬರದಿಂದಾದ ಆದಾಯ ನಷ್ಟದಲ್ಲಿ ಜಾನುವಾರು ಮಾರಾಟ ತುಂಬಿಕೊಟ್ಟದ್ದು ಹೆಚ್ಚೆಂದರೆ ಶೇ. 30, ಪ್ರಾಯಶಃ ಶೇ. 15 ಮಾತ್ರ ಎಂದು ತೋರಿಸಿತು. ಒಬ್ಬನ ಮನೆಗೆ ಬೆಂಕಿ ಬಿದ್ದರೆ ಓಣಿಯವರು ನೆರವಾಗಬಲ್ಲರು. ಮಳೆ ಎಲ್ಲರಿಗೂ ಒಟ್ಟಿಗೆ ಕೈಕೊಟ್ಟಾಗ ಊರೊಳಗಿನ ಉಳಿತಾಯ ಪರಸ್ಪರ ಉಪಯೋಗಕ್ಕೆ ಬರುವುದಿಲ್ಲ. ದೂರದ ಊರಿನ ಬ್ಯಾಂಕಿನಲ್ಲಿರುವ ಠೇವಣಿಗೆ ಈ ದೋಷವಿಲ್ಲ.

ನೀರಾವರಿ ಮತ್ತು ಬೆಳೆ ಬದಲಾವಣೆ

ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಶಂಕುಸ್ಥಾಪನೆ ಮಾಡಿದರು. ಕೆಳಗಿನ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ಹಾಗೂ ಅದರಿಂದ ಕವಲೊಡೆಯುವ ಇಂಡಿ ಶಾಖಾ ಕಾಲುವೆ, ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿ ಯೋಜನೆಗಳು ಜಿಲ್ಲೆಯ ಒಣಭೂಮಿಗೆ ನೀರು ತರುವ ಉದ್ದೇಶದವು. ನೀರು ಬಂದ ಹೊಲದಲ್ಲಿ ಆದಾಯ ಹೆಚ್ಚುವುದಷ್ಟೇ ಅಲ್ಲ, ಅದರ ಏರಿಳಿತವೂ ತಗ್ಗುತ್ತದೆ. ಈ ಎರಡು ಬದಲಾವಣೆಗಳು ಉಳಿತಾಯವನ್ನು ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಹೆಚ್ಚಿದ ಆದಾಯ ಉಳಿಸುವ ಸಾಮರ್ಥ್ಯವನ್ನು ಹೆಚ್ಚಿಸಿದರೆ, ಕಡಿಮೆಯಾದ ಅನಿಶ್ಚಿತತೆ ಆಪತ್ತಿಗೆಂದು ಕೂಡಿಡುವ ಅಗತ್ಯವನ್ನು ಕುಗ್ಗಿಸುತ್ತದೆ.

ಬೆಳೆಯ ಬಗೆಯೂ ಮುಖ್ಯ. ಹಿಂಗಾರಿ ಜೋಳ ಮತ್ತು ಕಡಲೆಯ ಹಣ ವರ್ಷಕ್ಕೊಮ್ಮೆ ಬರುತ್ತದೆ. ಕಬ್ಬಿನ ಹಣ ಕಾರ್ಖಾನೆಯಿಂದ ದೊಡ್ಡ ಕಂತಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಅದನ್ನು 14 ದಿನಗಳೊಳಗೆ ಪಾವತಿಸಬೇಕು. ಪಾವತಿ ತಡವಾದರೆ ರೈತ ನಡುವಿನ ಅವಧಿಗೆ ಸಾಲ ಮಾಡುತ್ತಾನೆ, ಬಂದ ಹಣ ಬಡ್ಡಿಗೆ ಹೋಗುತ್ತದೆ. ಇಂಡಿ ಭಾಗದ ಲಿಂಬೆ ಭಿನ್ನವಾದುದು. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಬೆಳೆ ವರ್ಷದ ಬಹುತೇಕ ತಿಂಗಳುಗಳಲ್ಲಿ ಕಾಯಿ ಕೊಡುವುದರಿಂದ ಸಣ್ಣ ಮೊತ್ತಗಳು ಮತ್ತೆ ಮತ್ತೆ ಕೈಸೇರುತ್ತವೆ. ಬೇಸಿಗೆಯಲ್ಲಿ ಬೇಡಿಕೆ ಹೆಚ್ಚಿ ಬೆಲೆಯೂ ಏರುತ್ತದೆ. ದಿನವಹಿ ಅಥವಾ ವಾರದ ಕಂತಿನ ಠೇವಣಿಗಳಿಗೆ ಇಂಥ ಆದಾಯ ಹೆಚ್ಚು ಹೊಂದುತ್ತದೆ.

ಕಾಲುವೆ ಮುಟ್ಟದ ಕಡೆ ಉಳಿತಾಯದ ದೊಡ್ಡ ಪಾಲು ಕೊಳವೆಬಾವಿಗೆ ಹೋಗುತ್ತದೆ. ಲೆಕ್ಕಪತ್ರದ ದೃಷ್ಟಿಯಿಂದ ಇದು ಭೌತಿಕ ಆಸ್ತಿಯಲ್ಲಿನ ಉಳಿತಾಯ. ನೀರು ಸಿಗದಿದ್ದರೆ ಮಾತ್ರ ಅದು ನೆಲದೊಳಗೆ ಹೋದ ಹಣ. ದ್ರಾಕ್ಷಿ ಅಥವಾ ದಾಳಿಂಬೆ ತೋಟ ಹಾಕಿದವರಿಗೆ ಗಿಡಗಳನ್ನು ಉಳಿಸಿಕೊಳ್ಳಲು ಎರಡನೆಯ, ಮೂರನೆಯ ಬಾವಿ ಕೊರೆಸುವುದು ಅನಿವಾರ್ಯವಾಗುತ್ತದೆ. ಒಣಭೂಮಿಯ ಅನೇಕ ಕುಟುಂಬಗಳ ವರ್ಷಗಳ ಉಳಿತಾಯ ಕರಗಿರುವುದು ಮದುವೆಗಳಲ್ಲಲ್ಲ, ಬತ್ತಿದ ಬಾವಿಗಳಲ್ಲಿ. ದುಂದುವೆಚ್ಚವನ್ನೇ ಮುಂದುಮಾಡುವ ಚರ್ಚೆಗಳಲ್ಲಿ ಈ ಸಂಗತಿ ಹಿಂದೆ ಸರಿಯುತ್ತದೆ.

ಭೂಸ್ವಾಧೀನದ ಪರಿಹಾರ

ಆಲಮಟ್ಟಿಯ ಹಿನ್ನೀರಿನಿಂದ ಬಾಗಲಕೋಟೆ ನಗರದ ಭಾಗಗಳಲ್ಲದೆ ಹಳೆಯ ಕೊಲ್ಹಾರ ಹಾಗೂ ಕೃಷ್ಣಾ ತೀರದ ಅನೇಕ ಹಳ್ಳಿಗಳು ಮುಳುಗಡೆಯಾಗಿ, ಜನರು ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡರು. ಕಾಲುವೆಗಳಿಗಾಗಿಯೂ ಭೂಮಿ ಹೋಯಿತು. ಹೀಗೆ ಬಂದ ಪರಿಹಾರವನ್ನು ಜನರೂ ಕೆಲವೊಮ್ಮೆ ಅಧಿಕಾರಿಗಳೂ ಆದಾಯವೆಂಬಂತೆ ಮಾತನಾಡುವುದುಂಟು. ಅರ್ಥಶಾಸ್ತ್ರದಲ್ಲಿ ಅದು ಆದಾಯವಲ್ಲ. ಹೊಲವೆಂಬ ಆಸ್ತಿ ನಗದೆಂಬ ಇನ್ನೊಂದು ಆಸ್ತಿಯಾಗಿ ಬದಲಾಗಿದೆ ಅಷ್ಟೇ. ಆದ್ದರಿಂದ ಆ ಹಣವನ್ನು ಊಟ, ವಾಹನ, ಸಮಾರಂಭಗಳಿಗೆ ಬಳಸಿದರೆ ಅದು ಋಣಾತ್ಮಕ ಉಳಿತಾಯ, ಅಂದರೆ ತಲೆಮಾರುಗಳಿಂದ ಬಂದ ಸಂಪತ್ತನ್ನು ಕರಗಿಸುವುದು. ಹೊಲ ಪ್ರತಿವರ್ಷ ಫಲ ಕೊಡುತ್ತದೆ. ಪರಿಹಾರದ ಹಣ ಬೇರೆ ಹೊಲವಾಗಿಯೋ ಠೇವಣಿಯಾಗಿಯೋ ಮಾರ್ಪಟ್ಟರೆ ಮಾತ್ರ ಅದಕ್ಕೂ ಆ ಗುಣ ಬರುತ್ತದೆ. ಒಂದೇ ಕಾಲಕ್ಕೆ ಅನೇಕರ ಕೈಗೆ ಹಣ ಬಂದಾಗ ಸುತ್ತಲಿನ ಜಮೀನಿನ ಬೆಲೆ ಏರುವುದರಿಂದ, ಕಳೆದುಕೊಂಡಷ್ಟೇ ಭೂಮಿಯನ್ನು ಕೊಳ್ಳುವುದು ಸುಲಭವಲ್ಲ. ಪರಿಹಾರ ಕಂತುಗಳಲ್ಲಿ ಬಂದರೆ, ಅಥವಾ ನ್ಯಾಯಾಲಯದ ತೀರ್ಪಿನ ನಂತರ ಹೆಚ್ಚುವರಿ ಮೊತ್ತ ಬಂದರೆ, ಕೊಳ್ಳುವ ಸಮಯ ಅಷ್ಟರಲ್ಲಿ ಮೀರಿರುತ್ತದೆ.

ಬಡ್ಡಿ, ಹಣದುಬ್ಬರ ಮತ್ತು ಸಾಲ

ಠೇವಣಿಯ ನಿಜವಾದ ಪ್ರತಿಫಲ ಬಡ್ಡಿ ದರದಿಂದ ಹಣದುಬ್ಬರವನ್ನು ಕಳೆದು ಉಳಿಯುವಷ್ಟು. ಶೇ. 7ರ ಬಡ್ಡಿ, ಶೇ. 6ರ ಹಣದುಬ್ಬರ ಇದ್ದರೆ ಪ್ರತಿಫಲ ಸುಮಾರು ಶೇ. 1 ಮಾತ್ರ. ಬಂಗಾರದ ಮೇಲಿನ ಒಲವಿಗೆ ಸಂಪ್ರದಾಯದಷ್ಟೇ ಈ ಲೆಕ್ಕವೂ ಕಾರಣ. ಆಭರಣವನ್ನು ಒತ್ತೆಯಿಟ್ಟು ಅದೇ ದಿನ ಸಾಲ ಪಡೆಯಬಹುದೆಂಬ ಅನುಕೂಲವೂ ಅದಕ್ಕಿದೆ.

ಬಡ್ಡಿ ದರ ಏರಿದರೆ ಉಳಿತಾಯ ಹೆಚ್ಚುತ್ತದೆಂಬ ಸಾಮಾನ್ಯ ನಂಬಿಕೆ ಸಾಲಗಾರ ಕುಟುಂಬಗಳಿಗೆ ಅನ್ವಯಿಸುವುದಿಲ್ಲ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಕೈಸಾಲ ವರ್ಷಕ್ಕೆ ಶೇ. 24 ಆಗುತ್ತದೆ. ಅಂಥ ಸಾಲ ಇರುವವರಿಗೆ ಅದನ್ನು ತೀರಿಸುವುದಕ್ಕಿಂತ ಲಾಭದಾಯಕ ಉಳಿತಾಯ ಇನ್ನೊಂದಿಲ್ಲ. ನಿವ್ವಳ ಲೆಕ್ಕದಲ್ಲಿ ಸಾಲದ ಅಸಲಿನ ಮರುಪಾವತಿಯೂ ಉಳಿತಾಯವೇ. 2019ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಕೃಷಿ ಕುಟುಂಬವೊಂದರ ಸರಾಸರಿ ಸಾಲ ದೇಶದಲ್ಲಿ 74,121 ರೂಪಾಯಿ, ಕರ್ನಾಟಕದಲ್ಲಿ 1,26,240 ರೂಪಾಯಿ ಇತ್ತು. ಅದೇ ವರ್ಷದ ಸಾಲ ಮತ್ತು ಹೂಡಿಕೆ ಸಮೀಕ್ಷೆಯಲ್ಲಿ ಗ್ರಾಮೀಣ ಕುಟುಂಬಗಳ ಆಸ್ತಿಯ ಸುಮಾರು ಶೇ. 90 ಭಾಗ ಭೂಮಿ ಮತ್ತು ಕಟ್ಟಡಗಳ ರೂಪದಲ್ಲಿತ್ತು. ರಾಜ್ಯ ಸರ್ಕಾರ ಸಹಕಾರ ಸಂಘಗಳ ಮೂಲಕ ಕೊಡುವ ಬಡ್ಡಿರಹಿತ ಬೆಳೆಸಾಲ, 2017 ಮತ್ತು 2018ರ ಸಾಲಮನ್ನಾಗಳು ಈ ಹೊರೆಯನ್ನು ಕೆಲಮಟ್ಟಿಗೆ ಇಳಿಸಿದವು. ಖಾಸಗಿ ಕೈಸಾಲಗಳಿಗೆ ಅವು ತಗುಲಲಿಲ್ಲ.

ಹಣಕಾಸು ಸಂಸ್ಥೆಗಳು

ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಆರಂಭವಾಯಿತು. ವಿಜಯಪುರ ಜಿಲ್ಲೆಯಲ್ಲೂ ಸಹಕಾರಿ ಸಂಸ್ಥೆಗಳ ಪರಂಪರೆ ಗಟ್ಟಿಯಾಗಿದ್ದು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್, ಪಟ್ಟಣ ಬ್ಯಾಂಕುಗಳು, ಪತ್ತಿನ ಸಂಘಗಳು ಹಾಗೂ 1997ರ ಸೌಹಾರ್ದ ಕಾಯ್ದೆಯಡಿ ನೋಂದಾದ ಸಂಘಗಳು ಹಳ್ಳಿಗಳ ಠೇವಣಿಯನ್ನು ಸೆಳೆಯುತ್ತವೆ. ಬಿಜಾಪುರ ಗ್ರಾಮೀಣ ಬ್ಯಾಂಕ್ 2005ರಲ್ಲಿ ಇತರ ಮೂರು ಗ್ರಾಮೀಣ ಬ್ಯಾಂಕುಗಳೊಂದಿಗೆ ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. ಅದೂ 2025ರ ಮೇ 1ರಂದು ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಯಿತು.

ಠೇವಣಿದಾರರು ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಸಹಕಾರಿ ಬ್ಯಾಂಕುಗಳೂ ಸೇರಿದಂತೆ ಬ್ಯಾಂಕುಗಳಲ್ಲಿನ ಠೇವಣಿಗೆ 2020ರ ಫೆಬ್ರವರಿಯಿಂದ ಪ್ರತಿ ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯಿದೆ. ಬ್ಯಾಂಕ್ ಅಲ್ಲದ ಪತ್ತಿನ ಸಂಘಗಳು ಮತ್ತು ಸೌಹಾರ್ದ ಸಂಘಗಳ ಠೇವಣಿ ಈ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ. ಹೆಚ್ಚು ಬಡ್ಡಿಯ ಆಸೆಗೆ ಹಣವಿಡುವಾಗ ಈ ಅಂತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ದಿನದ ದುಡಿಮೆಯಿಂದ ಅಷ್ಟಿಷ್ಟು ತೆಗೆದಿಡುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿತು. ಇಂದು ಸಿಂದಗಿ, ತಾಳಿಕೋಟೆಯಂಥ ಪಟ್ಟಣಗಳ ಅಂಗಡಿಕಾರರಿಗೂ ಅದು ಪರಿಚಿತ. ಗೆಳೆಯರು, ನೆರೆಹೊರೆಯವರು ಕೂಡಿ ತಿಂಗಳಿಗೊಮ್ಮೆ ಹಣ ಹಾಕಿ ಸರದಿಯಂತೆ ಎತ್ತುವ ಭಿಶಿ ಸಂಸ್ಥೆಯ ಹೊರಗಿನ ಉಳಿತಾಯ. ಮಹಿಳೆಯರ ಸ್ವಸಹಾಯ ಸಂಘಗಳು 1992ರ ನಬಾರ್ಡ್ ಬ್ಯಾಂಕ್ ಜೋಡಣೆ ಕಾರ್ಯಕ್ರಮ ಹಾಗೂ 2000-01ರ ಸ್ತ್ರೀಶಕ್ತಿ ಯೋಜನೆಯಿಂದ ಹರಡಿದವು. ಸಾಸಿವೆ ಡಬ್ಬಿಯಲ್ಲಿದ್ದ ಹಣಕ್ಕೆ ಲೆಕ್ಕದ ಪುಸ್ತಕ ಬಂದದ್ದು ಹೀಗೆ. ಇವು ಉಳಿತಾಯಕ್ಕೆ ವಾರದ ಶಿಸ್ತನ್ನು ತಂದವು. ಜೊತೆಗೆ, ಗಂಡಸರ ಕೈಗೆ ಸಿಗದ ಹಣವೆಂಬ ರಕ್ಷಣೆಯನ್ನೂ ಒದಗಿಸಿದವು.

ಗುಳೆ ಮತ್ತು ಹೊರಗಿನ ದುಡಿಮೆ

ಸುಗ್ಗಿ ಮುಗಿದ ಮೇಲೆ ಜಿಲ್ಲೆಯ ಹಳ್ಳಿಗಳಿಂದ, ವಿಶೇಷವಾಗಿ ಲಂಬಾಣಿ ತಾಂಡಾಗಳಿಂದ, ಪುಣೆ, ಮುಂಬಯಿ, ಗೋವಾ, ಬೆಂಗಳೂರುಗಳ ಕಟ್ಟಡ ಕೆಲಸಕ್ಕೂ ಮಹಾರಾಷ್ಟ್ರದ ಕಬ್ಬು ಕಟಾವಿಗೂ ಜನ ಗುಳೆ ಹೋಗುತ್ತಾರೆ. ಈ ಆದಾಯಕ್ಕೆ ಊರಿನ ಮಳೆಯೊಂದಿಗೆ ನೇರ ಸಂಬಂಧವಿಲ್ಲದಿರುವುದರಿಂದ ಬರದ ಕಾಲಕ್ಕೆ ಅದು ದನ ಮಾರುವುದಕ್ಕಿಂತ ಉತ್ತಮ ಆಸರೆ. ಆದರೆ ಕಬ್ಬು ಕಡಿಯುವವರು ಹಂಗಾಮಿಗೆ ಮೊದಲೇ ಮುಂಗಡ ಪಡೆದಿರುತ್ತಾರೆ. ಮುಂಗಡ ಮಳೆಗಾಲದಲ್ಲೇ ಮನೆಖರ್ಚಿಗೆ ಮುಗಿದುಹೋಗಿ, ಆರು ತಿಂಗಳ ದುಡಿಮೆ ಅದನ್ನು ತೀರಿಸುವುದಕ್ಕೆ ಸರಿಹೋಗುತ್ತದೆ. ದುಡಿದ ಹಣ ಕೈಗೆ ಬರುವ ಬದಲು ಹಳೆಯ ಲೆಕ್ಕಕ್ಕೆ ಜಮೆಯಾಗುವ ಕಡೆ ಉಳಿತಾಯದ ಪ್ರಶ್ನೆಯೇ ಏಳುವುದಿಲ್ಲ. ಕಟ್ಟಡ ಕೆಲಸದಿಂದ ಹಿಂದಿರುಗುವವರ ಹಣ ತಾಂಡಾಗಳಲ್ಲಿ ಮನೆ ಕಟ್ಟಲು ಬಳಕೆಯಾಗುವುದು ಹೆಚ್ಚು.

ವಯೋರಚನೆ, ಆರೋಗ್ಯ ಮತ್ತು ಸರ್ಕಾರದ ನೆರವು

ಫ್ರಾಂಕೊ ಮೊದಿಗ್ಲಿಯಾನಿಯವರ ಜೀವನಚಕ್ರ ಸಿದ್ಧಾಂತದಂತೆ ಜನರು ದುಡಿಯುವ ವಯಸ್ಸಿನಲ್ಲಿ ಉಳಿಸಿ ಮುಪ್ಪಿನಲ್ಲಿ ಕರಗಿಸುತ್ತಾರೆ. ಮಕ್ಕಳು ಮತ್ತು ವೃದ್ಧರ ಪ್ರಮಾಣ ಹೆಚ್ಚಿರುವ ಸಮಾಜದಲ್ಲಿ ಉಳಿತಾಯ ದರ ಕಡಿಮೆಯಿರುತ್ತದೆ. ಕೃಷಿ ಕುಟುಂಬಗಳಲ್ಲಿ ಈ ಚಕ್ರ ಅಷ್ಟು ಸ್ಪಷ್ಟವಾಗಿ ಕಾಣದು. ತಂದೆ ಮುಪ್ಪಿಗೆಂದು ಇಡುವುದು ಠೇವಣಿಯನ್ನಲ್ಲ, ಮಗನಿಗೆ ಬಿಡುವ ಹೊಲವನ್ನು. ಪ್ರತಿಯಾಗಿ ಮಗನ ಮನೆಯಲ್ಲಿ ಆಸರೆ ಸಿಗುತ್ತದೆ. ಹೊಲ ತಲೆಮಾರಿನಿಂದ ತಲೆಮಾರಿಗೆ ಹಂಚಿಹೋದಂತೆ ಈ ಏರ್ಪಾಡು ಸಡಿಲವಾಗುತ್ತಿದೆ.

ಕೂಡಿಟ್ಟದ್ದನ್ನು ಒಮ್ಮೆಲೇ ಖಾಲಿ ಮಾಡುವ ಸಂಗತಿಗಳಲ್ಲಿ ಅನಾರೋಗ್ಯ ಮುಂದಿದೆ. ದೊಡ್ಡ ಚಿಕಿತ್ಸೆಗೆ ಈ ಭಾಗದವರು ವಿಜಯಪುರವಲ್ಲದೆ ಸೊಲ್ಲಾಪುರ, ಮಿರಜಗಳಿಗೂ ಹೋಗುತ್ತಾರೆ. ಆಸ್ಪತ್ರೆಯ ಬಿಲ್ಲಿನ ಜೊತೆಗೆ ಪ್ರಯಾಣ, ವಸತಿ ಮತ್ತು ತಪ್ಪಿದ ಕೂಲಿಯೂ ಸೇರುತ್ತವೆ.

ಜನಧನ ಯೋಜನೆ 2014ರ ಆಗಸ್ಟ್ 28ರಂದು ಆರಂಭವಾದ ಬಳಿಕ ಖಾತೆಯಿಲ್ಲದ ಮನೆಗಳು ವಿರಳವಾದವು. 2023ರ ಆಗಸ್ಟ್ 30ರಂದು ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ, ಅಂದರೆ ವರ್ಷಕ್ಕೆ 24,000 ರೂಪಾಯಿ ಜಮೆ ಮಾಡುವ ಉದ್ದೇಶದ್ದು. ಇಂಥ ವರ್ಗಾವಣೆ ಶಾಶ್ವತವೆಂದು ನಂಬಿದ ಮನೆ ಅದನ್ನು ನಿತ್ಯದ ಖರ್ಚಿಗೆ ಹೊಂದಿಸಿಕೊಳ್ಳುತ್ತದೆ. ಮುಂದೆ ನಿಲ್ಲಬಹುದೆಂದು ಅನುಮಾನಿಸುವ ಮನೆ ಕೂಡಿಡುತ್ತದೆ, ಇಲ್ಲವೇ ಫ್ರಿಜ್, ಹೊಲಿಗೆ ಯಂತ್ರದಂಥ ಬಾಳಿಕೆಯ ವಸ್ತು ಕೊಳ್ಳುತ್ತದೆ. ಮನೆಬಳಕೆಯ ಫ್ರಿಜ್ ರಾಷ್ಟ್ರೀಯ ಲೆಕ್ಕದಲ್ಲಿ ಅನುಭೋಗ; ಹೊಲಿಗೆ ಯಂತ್ರದಿಂದ ಬಟ್ಟೆ ಹೊಲಿದು ಸಂಪಾದಿಸಿದರೆ ಅದು ಭೌತಿಕ ಉಳಿತಾಯ.